ಓಟ ನಿಂತ ಮೇಲೆ ಬರುವ ಉಬ್ಬಸ: ವ್ಯಾಯಾಮ ಬಿಡದೆ ನಿಭಾಯಿಸುವುದು ಹೇಗೆ?

ಓಡುವಾಗ ಚೆನ್ನಾಗಿಯೇ ಇದ್ದ ಮಗು, ಓಟ ನಿಂತ ಐದಾರು ನಿಮಿಷಕ್ಕೆ ಮೊಣಕಾಲಿಗೆ ಕೈಯೂರಿ ಬಾಗಿ ಕೆಮ್ಮತೊಡಗುತ್ತದೆ. ಉಸಿರು ಬಿಡುವಾಗ ಎದೆಯಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಕೇಳಿಸುತ್ತದೆ. ಇದನ್ನು ಅಭ್ಯಾಸ ಸಾಲದೆಂದು ತಳ್ಳಿಹಾಕುವುದು ಮಗುವಿಗೆ ಮಾಡುವ ಅನ್ಯಾಯ.

ಮೂಗಿನಿಂದ ಎಳೆದ ಗಾಳಿ ಒಳಗೆ ಇಳಿಯುವಷ್ಟರಲ್ಲಿ ಬೆಚ್ಚಗಾಗಿ ತೇವಗೊಂಡಿರುತ್ತದೆ. ಬಿರುಸಾಗಿ ಓಡುವಾಗ ಬಾಯಿಂದಲೂ ಗಾಳಿ ಎಳೆದುಕೊಳ್ಳುವುದರಿಂದ ಆ ಕೆಲಸದ ಹೆಚ್ಚಿನ ಪಾಲು ಶ್ವಾಸನಾಳಗಳ ಮೇಲೆಯೇ ಬೀಳುತ್ತದೆ. ಅವುಗಳ ಒಳಗೋಡೆಯ ನೀರಿನಂಶ ಆವಿಯಾಗಿ, ಉಳಿದ ದ್ರವದಲ್ಲಿ ಲವಣಾಂಶ ಸಾಂದ್ರಗೊಂಡಾಗ, ಮಾಸ್ಟ್ ಕೋಶಗಳಂಥ ಜೀವಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈನ್ ಮೊದಲಾದ ರಾಸಾಯನಿಕಗಳನ್ನು ಹೊರಬಿಡುತ್ತವೆ. ಆಗ ನಾಳದ ಸುತ್ತಲಿನ ಸ್ನಾಯು ಬಿಗಿದು ಗಾಳಿಯ ದಾರಿ ಕಿರಿದಾಗುತ್ತದೆ. ತಂಪಾದ ಒಣಹವೆಯಲ್ಲಿ ತೊಂದರೆ ಹೆಚ್ಚುವುದು ಇದರಿಂದಲೇ. ಅಸ್ತಮಾ ಇಲ್ಲದವರಲ್ಲೂ ಹೀಗಾಗಬಹುದು.

ಮೊದಲ ಹೆಜ್ಜೆಯಾಗಿ, ಕೆಮ್ಮು ಯಾವಾಗ ಶುರುವಾಯಿತು, ಯಾವಾಗ ಇಳಿಯಿತು ಎಂಬುದನ್ನು ಗಡಿಯಾರ ನೋಡಿ ಬರೆದಿಡಿ. ಬರೀ ಏದುಸಿರಾದರೆ ಕುಳಿತ ಕೆಲವೇ ನಿಮಿಷಗಳಲ್ಲಿ ತಗ್ಗುತ್ತದೆ. ನಾಳ ಬಿಗಿದಿದ್ದರೆ ದಣಿವಾರಿಸಿಕೊಳ್ಳುವ ಹೊತ್ತಿನಲ್ಲೇ ಹೆಚ್ಚಾಗಿ, ಸಾಮಾನ್ಯವಾಗಿ 30ರಿಂದ 90 ನಿಮಿಷಗಳಲ್ಲಿ ಇಳಿಯುತ್ತದೆ.

ಆ ಬರಹದೊಂದಿಗೆ ವೈದ್ಯರನ್ನು ಕಾಣಿ. ಅವರು ವ್ಯಾಯಾಮಕ್ಕೆ ಮುಂಚೆಯೂ ಅನಂತರವೂ ಉಸಿರನ್ನು ಅಳೆಯುವ ಉಪಕರಣವಾದ ಸ್ಪೈರೋಮೀಟರಿನಲ್ಲಿ ಊದಿಸುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ 10 ಅಥವಾ ಅದಕ್ಕಿಂತ ಹೆಚ್ಚು ಕುಸಿದರೆ ಅನುಮಾನ ದೃಢಪಡುತ್ತದೆ.

ಇನ್ಹೇಲರ್ ಬರೆದುಕೊಟ್ಟಿದ್ದರೆ, ಸಾಮಾನ್ಯವಾಗಿ ವ್ಯಾಯಾಮಕ್ಕೆ ಸುಮಾರು 15 ನಿಮಿಷ ಮುಂಚೆ, ವೈದ್ಯರು ಹೇಳಿದಂತೆಯೇ ಬಳಸಬೇಕು. ಆದರೆ ನಾಳ ಹಿಗ್ಗಿಸುವ ಔಷಧವೊಂದನ್ನೇ ದಿನವೂ ನೆಚ್ಚಿಕೊಂಡರೆ ಅದರ ರಕ್ಷಣೆ ಕುಗ್ಗುತ್ತ ಹೋಗುತ್ತದೆ. ಪದೇ ಪದೇ ಬೇಕಾಗುತ್ತಿದೆಯೆಂದರೆ ಒಳಗಿನ ಉರಿಯೂತ ಹತೋಟಿಯಲ್ಲಿಲ್ಲವೆಂದೇ ತಿಳಿದು, ಅದನ್ನು ತಗ್ಗಿಸುವ ಔಷಧದ ಬಗ್ಗೆ ಕೇಳಿ.

ನಾನು ಹೆಚ್ಚು ಒತ್ತಿ ಹೇಳಬಯಸುವುದು ಪೂರ್ವಸಿದ್ಧತೆಯನ್ನು. ನೇರವಾಗಿ ಓಟಕ್ಕಿಳಿಯದೆ, 10ರಿಂದ 15 ನಿಮಿಷ ನಡಿಗೆಯೊಂದಿಗೆ ನಡುನಡುವೆ ಚಿಕ್ಕ ಚಿಕ್ಕ ಓಟ ಸೇರಿಸಿ ಮೈ ಬಿಸಿಮಾಡಿಕೊಂಡರೆ, ಅನೇಕರಲ್ಲಿ ಮುಂದಿನ ಒಂದೆರಡು ಗಂಟೆ ನಾಳಗಳು ಅಷ್ಟಾಗಿ ಬಿಗಿಯುವುದಿಲ್ಲ. ಚಳಿಯಿದ್ದರೆ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಉಬ್ಬಸ ಬಂದರೆ ತಕ್ಷಣ ಆಟ ನಿಲ್ಲಿಸಿ, ನೆಟ್ಟಗೆ ಕೂರಿಸಿ, ತುರ್ತು ಇನ್ಹೇಲರ್ ಕೊಡಿ. ಅದರಿಂದಲೂ ಇಳಿಯದಿದ್ದರೆ, ಮಾತು ಪೂರ್ತಿ ಆಡಲಾಗದಿದ್ದರೆ ಅಥವಾ ತುಟಿ ನೀಲಿಗಟ್ಟಿದರೆ, ಕಾಯುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ.