ಲಕ್ವಾ ಹೊಡೆದದ್ದು ಎಷ್ಟೊತ್ತಿಗೆ?

ಮಿದುಳಿನ ರಕ್ತನಾಳ ಕಟ್ಟಿಕೊಂಡು ಬರುವ ಲಕ್ವಾಕ್ಕೆ, ಅಂದರೆ ಸ್ಟ್ರೋಕಿಗೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕಾದರೆ ಎಲ್ಲಕ್ಕಿಂತ ಮೊದಲು ಬರುವುದು ಹೊತ್ತಿನ ಲೆಕ್ಕ. 1995ರ ಎನ್‌ಐಎನ್‌ಡಿಎಸ್ ಅಧ್ಯಯನದಲ್ಲಿ ಇಂಥ ಒಂದು ಔಷಧವಾದ ಅಲ್ಟೆಪ್ಲೇಸ್‌ಗೆ ಲಕ್ವಾ ಶುರುವಾದಾಗಿನಿಂದ ಮೂರು ತಾಸಿನ ಗಡುವಿತ್ತು. 2008ರ ಇಕಾಸ್-3 ಅಧ್ಯಯನ ಅದನ್ನು ನಾಲ್ಕೂವರೆಗೆ ಒಯ್ದಿತು. ಕಲಬುರಗಿಯಲ್ಲಿ ಸ್ಟ್ರೋಕ್ ಅಧ್ಯಯನದ ಕೋಆರ್ಡಿನೇಟರ್ ಆಗಿ ನಾನು ಕೂತದ್ದು ಈ ಲೆಕ್ಕಕ್ಕೇ. ಚಿಂಚೋಳಿ, ಸುರಪುರದ ಕಡೆಯವರಿಗೆ ಅದರಲ್ಲಿ ಹತ್ತಿರ ಹತ್ತಿರ ಎರಡು ತಾಸು ದಾರಿಗೇ ಹೋಗಿರುತ್ತದೆ.

‘ಯಾವಾಗ ಆಯ್ತ್ರಿ?’ ಅಂದರೆ ‘ಮುಂಜಾನಿ ಎದ್ದು ನೋಡಿದ್ವಿರಿ’ ಅನ್ನುತ್ತಾರೆ. ಅದು ನೋಡಿದ ಹೊತ್ತು, ಆದ ಹೊತ್ತಲ್ಲ. ಫಾರಂಗೆ ಬೇಕಾದದ್ದು ರೋಗಿ ಸರಿಯಿದ್ದುದನ್ನು ಯಾರಾದರೂ ಕೊನೆಯ ಸಲ ಕಂಡ ಸಮಯ. ಉಂಡು ಮಲಗಿ, ಏಳುವಾಗ ಕೈ ಬಿದ್ದಿದ್ದರೆ ಲೆಕ್ಕ ರಾತ್ರಿಯಿಂದಲೇ ಶುರು. (2018ರ ವೇಕ್-ಅಪ್ ಅಧ್ಯಯನ ಎಂಆರ್‌ಐ ನೋಡಿ ಇಂಥವರಿಗೂ ದಾರಿ ತೆರೆಯಿತು. ನಸುಕಿನಲ್ಲಿ ಎಂಆರ್‌ಐ ಸಿಗಬೇಕಲ್ಲ!)

ಹಾಗಾಗಿ ಎಷ್ಟು ಗಂಟೆ ಅಂತ ಕೇಳುವುದನ್ನೇ ಬಿಟ್ಟೆ. ನಸುಕಿನ ಅಜಾನ್ ಆಗಿತ್ತಾ, ಎಮ್ಮೆ ಹಿಂಡಿದ್ದರಾ, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬಂದಿತ್ತಾ, ಮೊದಲ ಬಸ್ ಹೋಗಿತ್ತಾ ಅಂತ ಕೇಳುತ್ತೇನೆ. ಜೀಪಿನಲ್ಲಿ ಕರೆತಂದ ಗಂಡಸರಿಗೆ ಇದು ಬಹುಪಾಲು ಗೊತ್ತಿರುವುದಿಲ್ಲ. ಗೊತ್ತಿರುವುದು ಮನೆಯಲ್ಲೇ ಉಳಿದ ಸೊಸೆಗೆ. ಆಕೆಗೆ ಫೋನ್ ಹಚ್ಚಬೇಕು. ರೋಗಿಯ ಮೊಬೈಲಿನ ಕರೆಗಳ ಪಟ್ಟಿಯೂ ಒಳ್ಳೆಯ ಸಾಕ್ಷಿ. ಪುಣೆಯಲ್ಲಿ ದುಡಿಯುವ ಮಗ ‘ಆರೂವರಿಗೆ ಮಾತಾಡೀನ್ರಿ, ಚಂದ ಮಾತಾಡಿದ್ರು’ ಅಂದರೆ ಅರ್ಧ ಕೆಲಸ ಆದಂತೆ. ಅರ್ಧವೇ, ಯಾಕೆಂದರೆ ಮಾತು ನೆಟ್ಟಗಿದ್ದ ಮಾತ್ರಕ್ಕೆ ಕೈಕಾಲೂ ನೆಟ್ಟಗಿದ್ದವು ಅಂತಲ್ಲ. ಇನ್ನೊಂದು ಮಾತು: ನಾಲ್ಕೂವರೆ ತಾಸಿನ ವಿಷಯವನ್ನು ಈ ಪ್ರಶ್ನೆಗಳಿಗಿಂತ ಮೊದಲು ಬಾಯಿಬಿಡಬಾರದು. ಬಿಟ್ಟರೆ ಎಲ್ಲರ ಲಕ್ವಾವೂ ‘ಈಗಷ್ಟೇ’ ಆಗಿರುತ್ತದೆ. ಪಾಪ, ಅದು ಸುಳ್ಳಲ್ಲ, ಆಸೆ.

ಅಧ್ಯಯನಕ್ಕೆ ಸೇರುವ ಒಪ್ಪಿಗೆ ಪತ್ರದ ಕಥೆ ಬಹಳವಿಲ್ಲ. ಮಾತು ನಿಂತ ರೋಗಿಯ ಪರವಾಗಿ ಮನೆಯವರು ಸಹಿ ಮಾಡುತ್ತಾರೆ. ಓದು ಬಾರದವರಾದರೆ ಔಷಧ ಪ್ರಯೋಗಗಳ 2019ರ ನಿಯಮದಂತೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಎದುರಿಗಿರಬೇಕು. ‘ಕಾಕಾ ಬರ್ಲಿರಿ, ಆಮ್ಯಾಲ ಹೇಳ್ತೀವಿ’ ಅಂದರೆ ಒತ್ತಾಯಿಸುವುದಿಲ್ಲ. ಚಿಕಿತ್ಸೆ ಅದರ ಪಾಡಿಗೆ ನಡೆಯುತ್ತದೆ, ರೋಗಿ ಅಧ್ಯಯನಕ್ಕೆ ಸೇರುವುದಿಲ್ಲ, ಅಷ್ಟೆ.

ತಲೆ ಬಿಸಿಯಾಗುವುದು 90ನೇ ದಿನ ರೋಗಿ ಎಷ್ಟು ಚೇತರಿಸಿಕೊಂಡರೆಂದು ಕೇಳಿ ಅಂಕ ಹಾಕುವ ಫೋನಿನಲ್ಲಿ. ರ‍್ಯಾಂಕಿನ್ ಅಳತೆಯಲ್ಲಿ ಸೊನ್ನೆ ಅಂದರೆ ಏನೂ ತೊಂದರೆಯಿಲ್ಲ, ಆರು ಅಂದರೆ ಸಾವು. ಯಾರಿಗೆ ಯಾವ ಔಷಧ ಸಿಕ್ಕಿತೆಂದು ಫೋನ್ ಮಾಡುವವರಿಗೆ ಗೊತ್ತಿರಬಾರದು, ಹಾಗಾಗಿ ನಾನು ಸೇರಿಸಿದವರಿಗೆ ಸಹೋದ್ಯೋಗಿ, ಅವರು ಸೇರಿಸಿದವರಿಗೆ ನಾನು. ಆದರೆ ಮನೆಯವರು ಕಣ್ಣಾರೆ ಕಂಡಿರುತ್ತಾರೆ: ಅಲ್ಟೆಪ್ಲೇಸ್ ಮೊದಲು ಸ್ವಲ್ಪ ಚುಚ್ಚಿ ಉಳಿದದ್ದನ್ನು ಒಂದು ತಾಸು ಹನಿಸುವ ಔಷಧ, ಹೆಪ್ಪು ಕರಗಿಸುವ ಇನ್ನೊಂದು ಔಷಧ ಟೆನೆಕ್ಟೆಪ್ಲೇಸ್ ಒಂದೇ ಸಲಕ್ಕೆ ಮುಗಿಯುತ್ತದೆ. (ಎರಡನೆಯದು ಮೊದಲಿನದಕ್ಕಿಂತ ಕಡಿಮೆಯದಲ್ಲವೆಂದು ಕೆನಡಾದ ಆಕ್ಟ್ ಅಧ್ಯಯನ 2022ರಲ್ಲಿ ತೋರಿಸಿತು.) ಅದಕ್ಕೇ ನನ್ನ ಮೊದಲ ಮಾತು: ‘ಯಾವ ಸೂಜಿ ಕೊಟ್ರು ಅಂತ ನನಗ ಹೇಳಬ್ಯಾಡ್ರಿ.’

‘ಹ್ಯಾಂಗದಾರ್ರಿ?’ ಅಂದರೆ ‘ಆರಾಮ ಅದಾರ್ರಿ’. ಹಾಸಿಗೆ ಹಿಡಿದವರೂ ಆರಾಮ, ಹೊಲಕ್ಕೆ ಹೋಗುವವರೂ ಆರಾಮ. ಒಬ್ಬರೇ ಸಂತೆಗೆ ಹೋಗಿ ಚಿಲ್ಲರೆ ಎಣಿಸಿಕೊಂಡು ಬರ್ತಾರಾ ಅಂತ ಕೇಳಿದರೆ ಎರಡು (ತಮ್ಮ ಕೆಲಸ ತಾವೇ ನೋಡಿಕೊಳ್ಳುವವರು), ಮೂರರ (ಇನ್ನೊಬ್ಬರ ನೆರವು ಬೇಕಾದವರು) ನಡುವಿನ ಗೆರೆ ಕಾಣುತ್ತದೆ. ಹೆಂಗಸರಿಗೆ, ಮೊದಲಿನಂಗ ರೊಟ್ಟಿ ಬಡೀತಾರಾ? ‘ಇಲ್ರಿ’ ಅಂದರೆ ಅಲ್ಲಿಗೇ ಅಂಕ ಹಾಕುವಂತಿಲ್ಲ. ಲಕ್ವಾಕ್ಕಿಂತ ಮೊದಲೇ ಒಲೆ ಸೊಸೆಯ ಪಾಲಾಗಿರಬಹುದು, ಇಲ್ಲವೇ ಕೈ ಬಂದರೂ ಮನೆಯವರು ಬಿಡುತ್ತಿರಲಿಕ್ಕಿಲ್ಲ. ‘ಫೋನ್ ಅವರ ಕೈಯಾಗ ಕೊಡ್ರಿ’ ಅಂತ ಹೇಳಿ ಅವರನ್ನೇ ಕೇಳಿದ ಮೇಲೆಯೇ ಒಂದೋ (ಮೊದಲಿನ ಕೆಲಸವೆಲ್ಲ ಆಗುತ್ತದೆ) ಎರಡೋ (ಎಲ್ಲವೂ ಆಗುವುದಿಲ್ಲ) ಬರೆಯುವುದು.