ವಾಣಿಜ್ಯ ಕಟ್ಟಡದ ಶೌಚಾಲಯದಲ್ಲಿ ಸಾಕೆಟ್ ಅಳವಡಿಕೆ: ನನ್ನ ಅನುಭವ

ವಾಣಿಜ್ಯ ಕಟ್ಟಡವೊಂದರ ಶೌಚಾಲಯಗಳಿಗೆ ಹೊಸದಾಗಿ ವೈರಿಂಗ್ ಮಾಡಿಕೊಡುವ ಕೆಲಸವನ್ನು ಒಪ್ಪಿಕೊಂಡಾಗ, ಸಾಕೆಟ್‌ಗಳನ್ನು ಎಲ್ಲಿ ಕೂರಿಸಬೇಕೆಂದು ತೀರ್ಮಾನಿಸುವ ಮೊದಲು ಅವುಗಳನ್ನು ಯಾರು ಬಳಸುತ್ತಾರೆಂದು ವಿಚಾರಿಸಿದೆ. ಅಲ್ಲಿ ಹೆಚ್ಚಾಗಿ ಪ್ಲಗ್ ಹಾಕುವವರು ನೆಲ ತೊಳೆಯುವ ಯಂತ್ರ ಹಿಡಿದ ಸ್ವಚ್ಛತಾ ಸಿಬ್ಬಂದಿ. ಅವರ ಕೈಯೂ ಒದ್ದೆ, ಕಾಲಡಿಯ ನೆಲವೂ ಒದ್ದೆ. ಚರ್ಮ ಒದ್ದೆಯಾದಾಗ ದೇಹದ ರೋಧವು ಸುಮಾರು 1,000 ಓಮ್‌ಗೆ ಇಳಿಯಬಹುದಾದ್ದರಿಂದ, 230 ವೋಲ್ಟ್‌ನಲ್ಲಿ 200 ಮಿಲಿ ಆಂಪಿಯರ್‌ಗೂ ಹೆಚ್ಚು ಕರೆಂಟ್ ಮೈಯಲ್ಲಿ ಹರಿಯುವ ಸಾಧ್ಯತೆಯಿದೆ. ಹೃದಯದ ಬಡಿತ ಹದಗೆಡಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಕರೆಂಟ್ ಮಿತಿಮೀರಿದಾಗ ಸರಬರಾಜು ಕಡಿಯುವ 16 ಆಂಪಿಯರ್‌ನ ಎಂಸಿಬಿಗೆ ಮಾತ್ರ ಅದು ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ಮರಳುತ್ತಿದೆಯೇ ಎಂದು ಗಮನಿಸಿ, ಕೊರತೆ ಕಂಡರೆ ತಾನೇ ಬಿದ್ದು (ಟ್ರಿಪ್ ಆಗಿ) ಸರಬರಾಜು ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿಗಳನ್ನು ಹಾಕಿದೆ. ಅಮೆರಿಕದ ವಿದ್ಯುತ್ ಸಂಹಿತೆ ಇಂಥ ಶೌಚಾಲಯಗಳ ಸಾಕೆಟ್‌ಗಳಿಗೆ ಕಡ್ಡಾಯಗೊಳಿಸಿರುವ ಜಿಎಫ್‌ಸಿಐ ಎಂಬ ಇದೇ ಬಗೆಯ ಸಾಧನ ಇನ್ನೂ ಸೂಕ್ಷ್ಮವಾದುದು, ಅದು 4ರಿಂದ 6 ಮಿಲಿ ಆಂಪಿಯರ್‌ಗೇ ಟ್ರಿಪ್ ಆಗುತ್ತದೆ. ಸಾಕೆಟ್‌ಗಳಿಗೆ, ಹ್ಯಾಂಡ್ ಡ್ರೈಯರ್‌ಗಳಿಗೆ ಮತ್ತು ದೀಪಗಳಿಗೆ ಬೇರೆ ಬೇರೆ ಸರ್ಕ್ಯೂಟ್ ಕೊಟ್ಟೆ. ಸಾಕೆಟ್‌ನಲ್ಲಿ ಸೋರಿಕೆಯಾಗಿ ಆರ್‌ಸಿಸಿಬಿ ಬಿದ್ದರೆ ಒಳಗಿರುವವರು ಒದ್ದೆ ನೆಲದ ಮೇಲೆ ಕತ್ತಲಲ್ಲಿ ನಿಲ್ಲುವಂತಾಗಬಾರದು.

ಹಳೆಯ ಸಾಕೆಟ್ ಪೆಟ್ಟಿಗೆಯೊಂದನ್ನು ಬಿಚ್ಚಿದಾಗ ಗ್ಯಾಸ್ಕೆಟ್ ಒಣಗಿ ಬಿರುಕುಬಿಟ್ಟಿತ್ತು, ತಾಮ್ರದ ತುದಿಗಳಿಗೆ ಹಸಿರು ಕಿಲುಬು ಹಿಡಿದಿತ್ತು. ನೀರು ಬಂದದ್ದು ಎದುರಿನಿಂದಲ್ಲ, ಮೇಲಿನಿಂದ ಇಳಿದಿದ್ದ ಕಂಡ್ಯೂಟ್‌ನೊಳಗಿಂದ, ಅಂದರೆ ತಂತಿ ಸಾಗುವ ಕೊಳವೆಯೊಳಗಿಂದ. ಹೀಗಾಗಿ ಹೊಸ ಕೇಬಲ್‌ಗಳನ್ನೆಲ್ಲ ಕೆಳಗಿನಿಂದ, ಸುತ್ತ ನೀರು ನುಗ್ಗದಂತೆ ಗ್ಲ್ಯಾಂಡ್ ಬಿಗಿದು ಪೆಟ್ಟಿಗೆಯೊಳಕ್ಕೆ ತಂದೆ. ಸಾಕೆಟ್‌ಗಳನ್ನು ವಾಶ್ ಬೇಸಿನ್ನಿನ ನೀರು ಸಿಡಿಯದಷ್ಟು ದೂರದಲ್ಲಿಟ್ಟು ಐಪಿ44 (ಐಪಿ ಎಂದರೆ ಧೂಳು-ನೀರನ್ನು ಎಷ್ಟು ತಡೆಯುತ್ತದೆಂಬ ದರ್ಜೆ) ಮುಚ್ಚಳ ಹಾಕಿದೆ. ಆದರೆ ಆ ಮುಚ್ಚಳ ಎರಚಲನ್ನಷ್ಟೇ ತಡೆಯುತ್ತದೆ, ಪೈಪ್ ಹಿಡಿದು ಗೋಡೆ ತೊಳೆಯುವ ಕಡೆಗೆ ಸಾಲದು. ಅಲ್ಲಿ ಐಪಿ65ರದ್ದನ್ನೇ ಆರಿಸಿದೆ. ಪ್ಲಗ್ ಹಾಕಿದಾಗಲೂ ಮುಚ್ಚಿಕೊಳ್ಳುವ ಮಾದರಿಯೇ ಬೇಕೆಂದು ಪಟ್ಟು ಹಿಡಿದೆ, ಏಕೆಂದರೆ ಅಪಾಯವಿರುವುದು ಬಳಕೆಯ ಹೊತ್ತಿನಲ್ಲಿ.

ನಾನು ಅತಿ ಹೆಚ್ಚು ಸಮಯ ಕೊಟ್ಟದ್ದು ಪರೀಕ್ಷೆಗೆ. ಟೆಸ್ಟ್ ಬಟನ್ ಒತ್ತಿದಾಗ ಆರ್‌ಸಿಸಿಬಿ ಬಿದ್ದರೆ ಎಲ್ಲವೂ ಸರಿಯಿದೆಯೆಂದು ಹಲವರು ನಂಬುತ್ತಾರೆ. ಆ ಬಟನ್ ಸಾಧನದೊಳಗಿನ ಯಂತ್ರಾಂಗವನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ತಿಂಗನ್ನಲ್ಲ. ಉಳಿಸಿಕೊಂಡಿದ್ದ ಹಳೆಯ ಸಾಕೆಟ್ಟೊಂದರ ಸರ್ಕ್ಯೂಟ್‌ನಲ್ಲಿ ಬಟನ್ ಒತ್ತಿದರೆ ಆರ್‌ಸಿಸಿಬಿ ಬೀಳುತ್ತಿತ್ತು, ಫೇಸ್‌ನಿಂದ ಅರ್ತ್‌ಗೆ ಕರೆಂಟ್ ಹರಿಸಿ ನೋಡುವ ಆರ್‌ಸಿಸಿಬಿ ಟೆಸ್ಟರನ್ನು ಸಾಕೆಟ್‌ಗೆ ಚುಚ್ಚಿದರೆ ಬೀಳುತ್ತಿರಲಿಲ್ಲ. ಬಿಚ್ಚಿ ನೋಡಿದಾಗ ಅರ್ತ್ ತಂತಿ ಸ್ಕ್ರೂವಿನಿಂದ ಕಳಚಿಕೊಂಡು ಹಿಂದೆ ಸರಿದಿತ್ತು. ಅದನ್ನು ಸರಿಪಡಿಸಿ, 30 ಮಿಲಿ ಆಂಪಿಯರ್‌ನಲ್ಲಿ ಪ್ರತಿ ಆರ್‌ಸಿಸಿಬಿಯೂ 300 ಮಿಲಿಸೆಕೆಂಡಿನೊಳಗೆ ಬೀಳುವುದನ್ನು ಅಳೆದು ದಾಖಲಿಸಿದ ಮೇಲೆಯೇ ಸರಬರಾಜು ಕೊಟ್ಟೆ.

ಕಟ್ಟಡದ ನಿರ್ವಹಣೆಯವರಿಗೆ ಬಟನ್ ಪರೀಕ್ಷೆಯನ್ನು ತಿಂಗಳಿಗೊಮ್ಮೆ, ಟೆಸ್ಟರ್ ಬಳಸಿ ಮಾಡುವ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಲು ಬರೆದುಕೊಟ್ಟೆ. ಆರ್‌ಸಿಸಿಬಿ ಬಿದ್ದಾಗ ಪ್ಲಗ್‌ಗಳನ್ನೆಲ್ಲ ತೆಗೆಯದೆ ಅದನ್ನು ಮತ್ತೆ ಎತ್ತಬಾರದೆಂಬುದನ್ನು ಸ್ವಚ್ಛತಾ ಸಿಬ್ಬಂದಿಗೂ ಎದುರಿಗೇ ಮಾಡಿ ತೋರಿಸಿದೆ.