ಪಿ52ರ ಎರಡನೇ ಸಾಲು: ಬರೆದೇ ನೋಡಿದೆ

ಪಿ52 ಅಂದರೆ ಯೋಹಾನನ ಸುವಾರ್ತೆಯ ಹಳೆಯ ಗ್ರೀಕ್ ಪ್ರತಿಯೊಂದರ ಪಪೈರಸ್ ತುಂಡು. ‘ಇದಕ್ಕಾಗಿ ಹುಟ್ಟಿದೆ, ಇದಕ್ಕಾಗಿ ಬಂದೆ’ ಅನ್ನುವ ಮಾತಿನಲ್ಲಿ ‘ಇದಕ್ಕಾಗಿ’ಗೆ ಗ್ರೀಕಿನಲ್ಲಿ ‘ಐಸ್ ತೂತೊ’. ಈ ತುಂಡಿನ ಹಿಂಬದಿಯ ಎರಡನೇ ಸಾಲಿನಲ್ಲಿ, ಈಗ ಕಳೆದುಹೋದ ಭಾಗದಲ್ಲಿ, ಅದು ಮತ್ತೊಮ್ಮೆ ಇತ್ತಾ, ಇಲ್ಲವಾ? ಅಕ್ಷರ ಎಣಿಸಿದರೆ ಸಾಕು, ಕೈಯಲ್ಲಿ ಬರೆದು ನೋಡುವುದು ಸುಮ್ನೆ ದುಡ್ಡು ದಂಡ ಅಂತ ಗೆಳೆಯರು ಹೇಳಿದರು. ನಾನು ಬರೆದೇ ನೋಡಿದೆ. ಅದನ್ನು ಬಿಟ್ಟು ಬರೆದಾಗ ಸಾಲು ಕೊನೆಗೂ ಸರಿಯಾಗಿ ಕೂತಿತು.

ಎಣಿಕೆ ಒಂದನ್ನೇ ನಂಬಲು ನನಗೆ ಮನಸ್ಸಿಲ್ಲ. ಗ್ರೀಕ್ ಅಕ್ಷರ ಅಯೋಟಾ ಅಂದರೆ ಒಂದು ಗೀರು. ಓಮೆಗಾ ಅದರ ಎರಡು ಮೂರು ಪಟ್ಟು ಜಾಗ ತಿನ್ನುತ್ತದೆ. ಎರಡಕ್ಕೂ ಒಂದೇ ಲೆಕ್ಕ ಹೇಗೆ? ಕಂಪ್ಯೂಟರಿನಲ್ಲಿ ಫಾಂಟ್ ಇಟ್ಟೂ ನೋಡಿದೆ. ಆಗಲಿಲ್ಲ. ಆ ಬರಹಗಾರನ ಕೈ ಒಂದೇ ಅಳತೆಯದಲ್ಲ, ಫಾಂಟು ಒಂದೇ ಅಳತೆಯದು.

ದುಡ್ಡು ಹೋಗಿದ್ದು ಪಪೈರಸ್ಸಿಗೆ, ಅಂದರೆ ಜೊಂಡಿನಿಂದ ಮಾಡಿದ ಹಾಳೆಗೆ. ಮೊದಲು ತರಿಸಿದ ಕಟ್ಟು ಬಾಳೆನಾರಿನದು. ಮಸಿ ಇಟ್ಟ ಕೂಡಲೇ ಹರಡಿತು. ಮೂರು ಸಾವಿರ ರೂಪಾಯಿ ನೀರುಪಾಲು, ಮಾರಿದವನು ವಾಪಸ್ ತಗೊಳ್ಳಲೂ ಇಲ್ಲ. ಆಮೇಲೆ ಅಸಲಿ ಹಾಳೆ ಸಿಕ್ಕಿತು, ಒಂದಕ್ಕೆ ನಾನೂರರ ಆಸುಪಾಸು. ಒಟ್ಟು ಖರ್ಚು ಒಂಬತ್ತು ಸಾವಿರದ ಹತ್ತಿರ. ಮಸಿಗೆ ದೀಪದ ಕಾಡಿಗೆ, ಗೋಂದು. ಗೋಂದಿನ ಪ್ರಮಾಣ, ಲೆಕ್ಕಣಿಕೆಯ ಮೂತಿ ಕೊರೆದ ಬಗೆ ಈಗಲೇ ಹೇಳಲ್ಲ. ಅದಕ್ಕೇ ಜಾಸ್ತಿ ದಿನ ಹಿಡಿಯಿತು.

ತುಂಡು 8.9 ಸೆಂ.ಮೀ. ಎತ್ತರ, 6 ಸೆಂ.ಮೀ. ಅಗಲ, ಅಷ್ಟೇ. ಮುಂಬದಿಯಲ್ಲಿ ಯೋಹಾನ 18:31–33ರ ಸಾಲುಗಳ ಶುರು ಉಳಿದಿದೆ, ಹಿಂಬದಿಯಲ್ಲಿ 37–38ರ ಸಾಲುಗಳ ಕೊನೆ. ಮುಂಬದಿಯನ್ನು, ಕಳೆದ ಭಾಗವನ್ನೂ ಸೇರಿಸಿ, ನಿಜ ಅಳತೆಯಲ್ಲಿ ಬರೆದು ಸಾಲಿನ ಉದ್ದ ಹಿಡಿದೆ. ಹಾಳೆ ತಿರುಗಿಸಿ, ಬಲ ಅಂಚಿನಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಹಿಂಬದಿಯಲ್ಲಿ ನಾರು ಅಡ್ಡ ಸಿಗುತ್ತದೆ, ಕೈ ನಿಧಾನವಾಗುತ್ತದೆ. ಅದೂ ಅಳತೆಗೆ ಸೇರಬೇಕು, ಅಲ್ವಾ?

‘ಐಸ್ ತೂತೊ’ ಸೇರಿಸಿದರೆ ಆ ಸಾಲಿಗೆ 38 ಅಕ್ಷರ, ಬಿಟ್ಟರೆ 30. ಸೇರಿಸಿ ಬರೆದಾಗಲೆಲ್ಲ ಎಡಕ್ಕೆ ಎರಡು ಬೆರಳಿಗಿಂತ ಜಾಸ್ತಿ ಹೊರಗೆ ಹೋಯಿತು. ಬಿಟ್ಟು ಬರೆದರೆ ಮೇಲಿನ ಸಾಲಿಗೆ ಸಮವಾಗಿ ನಿಂತಿತು. 1935ರಲ್ಲಿ ಈ ತುಂಡನ್ನು ಪ್ರಕಟಿಸಿದ ಸಿ. ಎಚ್. ರಾಬರ್ಟ್ಸ್ ಕೂಡ ಅದನ್ನು ಬಿಟ್ಟೇ ಓದಿದ್ದರು. ಎಣಿಕೆಯ ಮಾತು ಈಗ ಹಾಳೆಯ ಮೇಲೂ ನಿಂತಿದೆ. ಅದರ ಹೆಮ್ಮೆ ನನಗಿದೆ.

ಹಾಳೆ ಉಳಿದಿತ್ತು ಅಂತ ಯೇಸುವಿನ ಹೆಸರನ್ನೂ ಪರೀಕ್ಷಿಸಿದೆ. ಮುಂಬದಿಯಲ್ಲಿ ಆ ಹೆಸರು ಬರುವ ಜಾಗವೇ ಕಳೆದುಹೋಗಿದೆ. ಪೂರ್ತಿ ಬರೆದಿದ್ದರೋ, ಹಳೆಯ ಕ್ರೈಸ್ತ ಪ್ರತಿಗಳ ವಾಡಿಕೆಯಂತೆ ಎರಡಕ್ಷರಕ್ಕೆ ಮೊಟಕು ಮಾಡಿದ್ದರೋ? ಎರಡನೇ, ಐದನೇ ಸಾಲುಗಳನ್ನು ಎರಡೂ ರೀತಿ ಬರೆದೆ. ಎರಡೂ ಆರಾಮಾಗಿ ಕೂರುತ್ತವೆ. ಈ ತುಂಡಿನ ಅಳತೆ ಹಿಡಿದು ಯಾರಾದರೂ ಖಚಿತವಾಗಿ ಒಂದನ್ನೇ ಹೇಳಿದರೆ ನಾನು ಒಪ್ಪಲ್ಲ.